ಎಪ್ಪತ್ತೈದು ಅಂಕದ ಸಂದರ್ಶನ

1963ರ ಜುಲೈ ತಿಂಗಳಲ್ಲಿ ಮೈಸೂರು ಸರ್ಕಾರದಿಂದ ತಾಂತ್ರಿಕ ಶಿಕ್ಷಣ ನಿರ್ದೇಶಕರಿಗೆ ಒಂದು ಪತ್ರ ಹೋಯಿತು. ಎಂಜಿನಿಯರಿಂಗ್ ಕಾಲೇಜಿಗೆ ವಿದ್ಯಾರ್ಥಿಗಳನ್ನು ಆರಿಸುವಾಗ ಪರೀಕ್ಷೆಯ ಅಂಕವೊಂದನ್ನೇ ನೋಡಿದರೆ ಸಾಲದು, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಡಬೇಕು ಎಂಬುದು ಅದರ ಸಾರ. ಸಂದರ್ಶನದಲ್ಲಿ ಏನೇನು ನೋಡಬೇಕೆಂಬ ಪಟ್ಟಿಯೂ ಇತ್ತು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದು ಮತ್ತು ಅದರಲ್ಲಿ ಪಡೆದ ವಿಶೇಷ ಮನ್ನಣೆ, ಎನ್‌ಸಿಸಿ, ಎಸಿಸಿ ಮೊದಲಾದ ಕೆಡೆಟ್ ಪಡೆಗಳು, ಕೊನೆಯದಾಗಿ ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಮೊದಲಾದ ಪಠ್ಯೇತರ ಚಟುವಟಿಕೆ. ವೈದ್ಯಕೀಯ ಕಾಲೇಜುಗಳ ಆಯ್ಕೆಗೂ ಇದೇ ಧಾಟಿ ಬಂತು.

ಸೀಟು ಕೊಡುವಾಗ ಆಟ, ನಾಟಕ, ಕವಾಯತು ಲೆಕ್ಕಕ್ಕೆ ಬರಬೇಕೇ ಎಂಬುದು ಅಮೆರಿಕದ ಕಾಲೇಜುಗಳ ತಲೆನೋವು ಎಂದು ತಿಳಿದವರೇ ಹೆಚ್ಚು. ನಮ್ಮ ರಾಜ್ಯ ಆರು ದಶಕದ ಹಿಂದೆಯೇ ಆ ಪ್ರಯೋಗಕ್ಕೆ ಕೈಹಾಕಿ, ಹೈಕೋರ್ಟಿನಲ್ಲಿ ಏಟು ತಿಂದು, ಸುಪ್ರೀಂ ಕೋರ್ಟಿನಲ್ಲಿ ಗೆದ್ದು, ಗೆದ್ದ ಮೇಲೂ ಅದನ್ನು ಉಳಿಸಿಕೊಳ್ಳಲಾಗದೆ ಬೇರೆ ಹಾದಿ ಹಿಡಿಯಿತು. ಆ ಕಥೆಯನ್ನು ಬೆಂಗಳೂರಿನ ಕಚೇರಿಗಳಿಂದಲೇ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಮಲೆನಾಡಿನ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಉಳಿದರ್ಧವೂ ಕಾಣುತ್ತದೆ.

ಮೊದಲು ಆ ಪತ್ರ ಹುಟ್ಟಿದ ಕಾಲ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮೈಸೂರಿಗೆ ಓದಲು ಹೋದ ದಿನಗಳಲ್ಲಿ ಪಾಸಾಗಿ ಫೀಸು ಕಟ್ಟಬಲ್ಲವನಿಗೆ ಕಾಲೇಜಿನ ಬಾಗಿಲು ಹೆಚ್ಚುಕಡಿಮೆ ತೆರೆದೇ ಇರುತ್ತಿತ್ತು. ನೂಕುನುಗ್ಗಲು ಶುರುವಾದದ್ದು ಎಂಜಿನಿಯರಿಂಗ್ ಮತ್ತು ಮೆಡಿಕಲ್ ಸೀಟುಗಳಿಗೆ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭಿಸಿದ್ದು 1917ರಲ್ಲಿ, ಮೈಸೂರು ಮೆಡಿಕಲ್ ಕಾಲೇಜು ಬಂದದ್ದು 1924ರಲ್ಲಿ. ಬಹುಕಾಲ ಇಡೀ ಸಂಸ್ಥಾನಕ್ಕೆ ಇವೇ ಆಸರೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಿಎಂಎಸ್, ಎನ್‌ಐಇ, ಹುಬ್ಬಳ್ಳಿಯ ಬಿವಿಬಿ, ಆಮೇಲೆ ದಾವಣಗೆರೆ, ಕಲಬುರಗಿ, ಹಾಸನ, ಸುರತ್ಕಲ್ ಕಾಲೇಜುಗಳು ಸೇರಿದವು. 1956ರಲ್ಲಿ ರಾಜ್ಯ ದೊಡ್ಡದಾಯಿತು; ಕಾಲೇಜು ಹೆಚ್ಚಿದಷ್ಟಕ್ಕೂ ಅರ್ಜಿ ಹಾಕುವವರು ಅದಕ್ಕಿಂತ ಬೇಗ ಹೆಚ್ಚಿದರು. ಅಣೆಕಟ್ಟು, ವಿದ್ಯುತ್, ಕಾರ್ಖಾನೆಗಳ ಕಾಲವದು. ಎಂಜಿನಿಯರಾದವನಿಗೆ ಸರ್ಕಾರಿ ಕೆಲಸ ಕಟ್ಟಿಟ್ಟ ಬುತ್ತಿ.

ಸೀಟು ಯಾರಿಗೆ ಎಂಬ ಜಗಳ ಮೊದಲು ಮೀಸಲಾತಿಯ ರೂಪದಲ್ಲಿ ಕೋರ್ಟು ಹತ್ತಿತು. ಐವತ್ತರ ದಶಕದ ಕೊನೆಯಲ್ಲಿ ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರನ್ನೂ ಹಿಂದುಳಿದವರೆಂದು ಕರೆದ ಆದೇಶ ಮೈಸೂರು ಹೈಕೋರ್ಟಿನಲ್ಲಿ ಬಿತ್ತು. ಸರ್ಕಾರ ನಾಗನಗೌಡ ಸಮಿತಿಯನ್ನು ನೇಮಿಸಿತು. ಅದು 1961ರಲ್ಲಿ ವರದಿ ಕೊಟ್ಟಿತು. ಅದನ್ನು ಆಧರಿಸಿ 1962ರ ಜುಲೈ 31ರಂದು ಬಂದ ಆದೇಶದಲ್ಲಿ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3, ಒಟ್ಟು ಶೇ 68. ಎರಡು ತಿಂಗಳೂ ತುಂಬಲಿಲ್ಲ. ಸೆಪ್ಟೆಂಬರ್ 28ರಂದು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ದೇಶದ ಮೀಸಲಾತಿ ಚರ್ಚೆಯಲ್ಲಿ ಶೇ 50ರ ಗಡಿ ಮೊದಲು ಕಾಣಿಸಿಕೊಂಡದ್ದು ಅಲ್ಲೇ.

ಮುಂದಿನ ಸಾಲಿನ ಪ್ರವೇಶ ಹತ್ತಿರ ಬಂದಾಗ ನಿಜಲಿಂಗಪ್ಪನವರ ಸರ್ಕಾರದ ಮುಂದೆ ಖಾಲಿ ಹಾಳೆಯಿತ್ತು. 1963ರ ಜುಲೈ 26ರ ಆದೇಶದಲ್ಲಿ ಜಾತಿಯ ಹೆಸರನ್ನೇ ಎತ್ತದೆ, ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ವರಮಾನವಿದ್ದು ಸ್ವತಃ ಬೇಸಾಯ ಮಾಡುವವರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ಕೆಳದರ್ಜೆ ನೌಕರರು, ಮೈಮುರಿದು ದುಡಿಯುವವರು ಹಿಂದುಳಿದವರು ಎಂದಿತು. ಅವರಿಗೆ ಶೇ 30. ಸಂದರ್ಶನದ ಆದೇಶ ಇದೇ ತಿಂಗಳಲ್ಲಿ, ಇದರ ಜೊತೆಗೇ ಬಂದದ್ದು. ಒಂದರ ಹಿಂದೆ ಒಂದು ಬಂದ ಈ ಎರಡು ಆದೇಶಗಳನ್ನು ಹೇಗೆ ಓದಬೇಕು ಎಂಬಲ್ಲಿ ಎರಡು ಪಕ್ಷ. ಹೊಸ ಗಣರಾಜ್ಯಕ್ಕೆ ಪುಸ್ತಕದ ಹುಳುಗಳು ಸಾಲರು, ಮೈಮನಸ್ಸು ಎರಡೂ ಗಟ್ಟಿಯಿರುವವರು ಬೇಕು ಎಂಬ ಆ ಕಾಲದ ಪ್ರಾಮಾಣಿಕ ನಂಬಿಕೆ ಇದರಲ್ಲಿದೆ ಎಂಬುದು ಒಂದು ವಾದ. ಬಾಲಾಜಿ ತೀರ್ಪು ಮುಂಬಾಗಿಲು ಮುಚ್ಚಿದ್ದಕ್ಕೆ ಸರ್ಕಾರ ತನ್ನ ಕೈಯಲ್ಲಿ ಒಂದಿಷ್ಟು ವಿವೇಚನಾಧಿಕಾರ ಉಳಿಸಿಕೊಳ್ಳಲು ಹಿತ್ತಿಲ ಬಾಗಿಲು ತೆರೆಯಿತು ಎಂಬುದು ಇನ್ನೊಂದು. ಭಾರತದ ಮೀಸಲಾತಿ ಕಾನೂನಿನ ಬಗ್ಗೆ 1984ರಲ್ಲಿ ದೊಡ್ಡ ಗ್ರಂಥ ಬರೆದ ಮಾರ್ಕ್ ಗ್ಯಾಲಂಟರ್ ಮೈಸೂರಿನ ಈ ಆದೇಶಗಳ ಸರಣಿಗೆ ಸಾಕಷ್ಟು ಪುಟ ಕೊಟ್ಟಿದ್ದಾರೆ. ನನಗಂತೂ ಎರಡು ವಾದಗಳೂ ಒಂದನ್ನೊಂದು ಹೊಡೆದುಹಾಕುವಂತೆ ಕಾಣುವುದಿಲ್ಲ. ಒಳ್ಳೆಯ ಉದ್ದೇಶದ ಆದೇಶವೇ ವಶೀಲಿಗೂ ದಾರಿಯಾಗುವುದು ನಮ್ಮಲ್ಲಿ ಹೊಸತೇನಲ್ಲ.

ಪಟ್ಟಿಯಲ್ಲಿ ಎನ್‌ಸಿಸಿಗೆ ಪ್ರತ್ಯೇಕ ಸಾಲು ಸಿಕ್ಕಿದ್ದಕ್ಕೂ ಕಾರಣವಿದೆ. 1962ರ ಅಕ್ಟೋಬರ್–ನವೆಂಬರ್‌ನಲ್ಲಿ ಚೀನಾದೊಂದಿಗೆ ಯುದ್ಧ ನಡೆದು ದೇಶ ಮುಖಭಂಗ ಅನುಭವಿಸಿತ್ತು. 1948ರ ಕಾಯ್ದೆಯಿಂದ ಹುಟ್ಟಿದ ಎನ್‌ಸಿಸಿ 1963ರಲ್ಲಿ ಕಾಲೇಜು ಹುಡುಗರಿಗೆ ಕಡ್ಡಾಯವಾಯಿತು. ಆ ಕಡ್ಡಾಯ 1968ರವರೆಗೆ ನಡೆಯಿತು. ಖಾಕಿ ತೊಟ್ಟು ಮೈದಾನ ಸುತ್ತಿದವನಿಗೆ ಎಂಜಿನಿಯರಿಂಗ್ ಸೀಟಿನಲ್ಲಿ ಎರಡು ಅಂಕ ಹೆಚ್ಚು ಸಿಗಲಿ ಎಂದರೆ ಆ ವರ್ಷ ಯಾರೂ ನಗುತ್ತಿರಲಿಲ್ಲ.

ಈಗ ಲೆಕ್ಕ ನೋಡಿ. ಆಯ್ಕೆ ಸಮಿತಿ ಪಿಯುಸಿಯ ಐಚ್ಛಿಕ ವಿಷಯಗಳ ಅಂಕವನ್ನು 300ಕ್ಕೆ ಇಳಿಸಿಕೊಂಡು, ಸಂದರ್ಶನಕ್ಕೆ 75 ಇಟ್ಟಿತು. ಒಟ್ಟು 375. ಅಂದರೆ ಒಟ್ಟು ಅಂಕದ ಐದರಲ್ಲೊಂದು ಪಾಲು ಸಮಿತಿಯ ಮುಂದೆ ಕೂತ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. 240 ಅಂಕದ ಹುಡುಗನೊಬ್ಬನಿಗೆ ಸಂದರ್ಶನದಲ್ಲಿ 25 ಕೊಟ್ಟು, 210 ಅಂಕದವನಿಗೆ 60 ಕೊಟ್ಟರೆ ಎರಡನೆಯವನು ಐದು ಅಂಕ ಮುಂದೆ. ಮೊದಲನೆಯವನು ರಾತ್ರಿ ದೀಪ ಉರಿಸಿ ಕೂಡಿಸಿಕೊಂಡ ಮೂವತ್ತು ಅಂಕ ಹೀಗೆ ಆವಿಯಾಗುತ್ತದೆ. ಆಟೋಟ, ನಾಟಕಗಳಿಗೆ ಆ 75ರಲ್ಲಿ ಎಷ್ಟು ಪಾಲು ಸಿಕ್ಕಿತು, ಮುಖ ನೋಡಿ ಹಾಕಿದ ಮಣೆ ಎಷ್ಟು ಎಂದು ಸೋತವನು ಕೇಳಿದರೆ ಉತ್ತರ ಹೇಳುವವರಾರು?

ಕೊಪ್ಪದ ಕಡೆಯ ಹುಡುಗನಿಗೆ ಈ 75 ಅಂಕ ಎಂಥದ್ದು? ಆಗ ಈ ತಾಲ್ಲೂಕುಗಳಿಂದ ಮುಂದೆ ಓದುವವರು ಹೆಚ್ಚಾಗಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೋ ಚಿಕ್ಕಮಗಳೂರಿಗೋ ಹೋಗುತ್ತಿದ್ದರು, ಇಲ್ಲವೇ ಆಗುಂಬೆ ಘಟ್ಟ ಇಳಿದು ಉಡುಪಿಯ ಎಂಜಿಎಂ ಸೇರುತ್ತಿದ್ದರು. ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ವಾಸ. ರಜೆಗೆ ಊರಿಗೆ ಬಂದರೆ ಮಳೆಗಾಲದಲ್ಲಿ ಗದ್ದೆ ನೆಟ್ಟಿ, ಅಡಿಕೆ ತೋಟಕ್ಕೆ ಕೊಳೆ ಔಷಧಿ. ಚಳಿಗಾಲದಲ್ಲಿ ಕೊನೆಕೊಯ್ಲು, ಸುಲಿತ. ಊರಲ್ಲಿ ಯಕ್ಷಗಾನವಿತ್ತು, ಮಳೆ ಹಿಡಿದರೆ ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಲೆ. ಕರ್ಣನಾಗಿ ಕೂತು ಎದುರಿನ ಕೃಷ್ಣನಿಗೆ ಮಾತಿಗೆ ಮಾತು ಕೊಡಬಲ್ಲವನ ಚರ್ಚಾಶಕ್ತಿಗೆ ಏನು ಕಡಿಮೆ? ಆದರೆ ಸರ್ಕಾರಿ ಪಟ್ಟಿಯ ‘ಚರ್ಚೆ’, ‘ನಾಟಕ’ ಎಂದರೆ ಕಾಲೇಜು ಯೂನಿಯನ್ನಿನ ಡಿಬೇಟು, ಕಾಲೇಜು ಡೇ ನಾಟಕ. ಕೈಯಲ್ಲಿ ಪ್ರಿನ್ಸಿಪಾಲರ ಸಹಿ ಇರುವ ಸರ್ಟಿಫಿಕೇಟು. ಜಗಲಿಯ ಕರ್ಣನಿಗೆ ಸರ್ಟಿಫಿಕೇಟು ಕೊಡುವವರು ಯಾರೂ ಇರಲಿಲ್ಲ. ‘ಸಮಾಜಸೇವೆ’ಯ ಮಾತೂ ಅಷ್ಟೇ. ಊರಿನ ಕೆರೆ ಹೂಳೆತ್ತಿದ್ದು, ಮಳೆಗೆ ಕೊಚ್ಚಿಹೋದ ಸಂಕ ಮತ್ತೆ ಹಾಕಿದ್ದು ಯಾವ ಕಡತದಲ್ಲೂ ಇಲ್ಲ. ಇನ್ನು ‘ವ್ಯಕ್ತಿತ್ವ’ ಎಂಬ ಬಾಬತ್ತು ಬಂದರೆ, ಮೊದಲ ಸಲ ಬೆಂಗಳೂರು ನೋಡಿ ಇಂಗ್ಲಿಷಿನಲ್ಲಿ ತಡವರಿಸುವ ಮಲೆನಾಡಿನ ಹುಡುಗನಿಗೂ ಕಂಟೋನ್ಮೆಂಟಿನ ಶಾಲೆಯಲ್ಲಿ ಕಲಿತವನಿಗೂ ಹೋಲಿಕೆಯೆಲ್ಲಿ? ಪೇಟೆಯ ಅನುಕೂಲಸ್ಥರ ಬದುಕಿನಲ್ಲಿ ಯಾವುದು ಸಹಜವಾಗಿ ಸಿಗುತ್ತಿತ್ತೋ ಅದನ್ನೇ ಪಟ್ಟಿ ಗುಣವೆಂದು ಅಳೆಯುತ್ತಿತ್ತು.

ಸೀಟು ಸಿಗದವರು ಸುಮ್ಮನಿರಲಿಲ್ಲ. ಸಂವಿಧಾನದ 226ನೇ ವಿಧಿಯಡಿ ಮೈಸೂರು ಹೈಕೋರ್ಟಿಗೆ ಅರ್ಜಿಗಳು ಹೋದವು, ಡಿ.ಜಿ. ವಿಶ್ವನಾಥ್ ಪ್ರಕರಣವೆಂದು ಅವು ಕಾನೂನು ಪುಸ್ತಕಗಳಲ್ಲಿ ಹೆಸರಾದವು. ಹೈಕೋರ್ಟ್ ಕೊಟ್ಟ ತೀರ್ಪು ಕುತೂಹಲದ್ದು. ಸಂದರ್ಶನಕ್ಕೆ ಸರ್ಕಾರ ಹಾಕಿಕೊಟ್ಟ ಮಾನದಂಡಗಳು ಸರಿಯಾಗಿಯೇ ಇವೆ. ಆದರೆ ಆಯ್ಕೆ ಸಮಿತಿ ತನ್ನ ಅಧಿಕಾರವನ್ನು ದುರುಪಯೋಗ ಮಾಡಿದೆ. ಅರ್ಜಿದಾರರನ್ನು ಕೋರ್ಟಿನ ನಿರ್ದೇಶನದಂತೆ ಮತ್ತೊಮ್ಮೆ ಸಂದರ್ಶನ ಮಾಡಿ ಎಂದಿತು. ಮುಂದಿನ ಇಪ್ಪತ್ತು ವರ್ಷ ಭಾರತದ ನ್ಯಾಯಾಲಯಗಳು ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತ ಹೋದವು. ಆಟವಾಡಿದವನಿಗೆ ಅಂಕ ಕೊಡುವುದರಲ್ಲಿ ನ್ಯಾಯಾಧೀಶರಿಗೆ ತಕರಾರು ಇರಲಿಲ್ಲ. ಅಂಕ ಹಾಕುವ ಪೆನ್ನು ಯಾರ ಕೈಯಲ್ಲಿದೆ ಎಂಬಲ್ಲೇ ಅವರಿಗೆ ಅನುಮಾನ.

ಅಷ್ಟಕ್ಕೆ ತೃಪ್ತರಾಗದವರು ಸುಪ್ರೀಂ ಕೋರ್ಟಿಗೆ ಹೋದರು. ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂದು ಪ್ರಸಿದ್ಧವಾದ ಆ ಪ್ರಕರಣದ ತೀರ್ಪು 1964ರ ಜನವರಿ 29ರಂದು ಬಂತು. ಜಾತಿಯನ್ನು ಬಿಟ್ಟೂ ಹಿಂದುಳಿದಿರುವಿಕೆಯನ್ನು ಅಳೆಯಬಹುದು ಎಂಬ ಮಾತಿಗಾಗಿಯೇ ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಇನ್ನೊಂದು ಅರ್ಧ ಸಂದರ್ಶನದ ಬಗ್ಗೆ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಸುಬ್ಬರಾವ್, ವಿದ್ಯಾರ್ಥಿಗಳನ್ನು ಆರಿಸಲು ದೇಶದೇಶಗಳಲ್ಲಿ ನಾನಾ ವಿಧಾನಗಳಿವೆ, ಸಂದರ್ಶನವೂ ಅದರಲ್ಲೊಂದು, ಅದು ಪರಿಪೂರ್ಣವಲ್ಲವೆಂದ ಮಾತ್ರಕ್ಕೆ ಸಂವಿಧಾನವಿರೋಧಿಯಾಗುವುದಿಲ್ಲ ಎಂದರು. ದುರುಪಯೋಗವಾದರೆ ಆಯಾ ಪ್ರಕರಣದಲ್ಲೇ ಸರಿಪಡಿಸಬೇಕು ಎಂಬುದು ಅವರ ನಿಲುವು. ನ್ಯಾಯಮೂರ್ತಿ ಜೆ.ಆರ್. ಮುಧೋಳ್ಕರ್ ಒಪ್ಪದೆ ಭಿನ್ನಮತ ಬರೆದರು. ಹೀಗೆ 75 ಅಂಕಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿತ್ತು. ಮೈಸೂರಿನ ದಾರಿ ಉಳಿದ ರಾಜ್ಯಗಳಿಗೂ ಮಾದರಿಯಾಗುವಂತಿತ್ತು.

ಇಲ್ಲಿ ಸ್ವಲ್ಪ ಹೊರಗೆ ಇಣುಕಬೇಕು. ಸಂದರ್ಶನ, ನಡತೆ, ‘ಒಟ್ಟು ವ್ಯಕ್ತಿತ್ವ’ ಇವು ಕಾಲೇಜು ಪ್ರವೇಶದಲ್ಲಿ ಬೇರೂರಿದ್ದು ಅಮೆರಿಕದಲ್ಲಿ, 1920ರ ದಶಕದಲ್ಲಿ. ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ ಅವರಿಗೆ ಹೊಸದಾಗಿ ಸೇರುವವರಲ್ಲಿ ಯಹೂದಿ ವಿದ್ಯಾರ್ಥಿಗಳು ಐದರಲ್ಲೊಂದು ಪಾಲು ದಾಟಿದ್ದು ಇಷ್ಟವಾಗಲಿಲ್ಲ. 1922ರಲ್ಲಿ ನೇರ ಮಿತಿ ಹಾಕಲು ಹೋಗಿ ಟೀಕೆ ಬಂತು. 1926ರ ಹೊತ್ತಿಗೆ ಅಂಕದ ಜೊತೆ ನಡತೆ, ವ್ಯಕ್ತಿತ್ವ, ಭಾವಚಿತ್ರಗಳನ್ನು ನೋಡುವ ಹೊಸ ಪದ್ಧತಿ ಬಂತು; ಯಹೂದಿಗಳ ಸಂಖ್ಯೆ ತಾನಾಗಿ ಇಳಿಯಿತು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ ತಮ್ಮ ಪುಸ್ತಕದಲ್ಲಿ ಇದನ್ನು ಕಡತಗಳ ಸಮೇತ ಬಿಡಿಸಿಟ್ಟಿದ್ದಾರೆ. ಆದರೂ ಅಲ್ಲಿನ ಕಾಲೇಜುಗಳು ಆ ಪದ್ಧತಿಯನ್ನು ಬಿಡಲಿಲ್ಲ. ಇವತ್ತು ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಮಗಳ ಭರತನಾಟ್ಯದ ರಂಗಪ್ರವೇಶಕ್ಕೂ ಕಾಲೇಜು ಅರ್ಜಿಗೂ ನಂಟು ಇರುವುದು ಆ ಪದ್ಧತಿಯಿಂದಲೇ. ಖಾಸಗಿ ಕಾಲೇಜು ತನಗೆ ಬೇಕಾದವರನ್ನು ಆರಿಸಿಕೊಳ್ಳುವ ದೇಶ ಅದು. ನಮ್ಮಲ್ಲಿ ಆರಿಸುವುದು ಸರ್ಕಾರ. ಸರ್ಕಾರ ಮಾಡಿದ್ದನ್ನು ಪ್ರಶ್ನಿಸಲು ಸಂವಿಧಾನದಲ್ಲಿ ಸಮಾನತೆಯ 14ನೇ ವಿಧಿ ಇದೆ. ಹಾದಿ ಬೇರೆಯಾದದ್ದು ಈ ಕಾರಣಕ್ಕೆ.

ಮತ್ತೆ ನಮ್ಮಲ್ಲಿಗೆ ಬಂದರೆ, ತಮಿಳುನಾಡು ಮೈಸೂರಿನಂತೆಯೇ ಮೆಡಿಕಲ್ ಪ್ರವೇಶಕ್ಕೆ 75 ಅಂಕದ ಸಂದರ್ಶನ ಇಟ್ಟಿತ್ತು. ಅದರ ಬಾಬತ್ತುಗಳಲ್ಲೂ ಆಟೋಟ ಅಥವಾ ಎನ್‌ಸಿಸಿ, ವಿಶೇಷ ಸೇವೆ, ದೈಹಿಕ ಸಾಮರ್ಥ್ಯ ಇದ್ದವು. 1970ರಲ್ಲಿ ಪೆರಿಯಕರುಪ್ಪನ್ ಪ್ರಕರಣದಲ್ಲಿ ಇದನ್ನು ಪರಿಶೀಲಿಸಿದ ಪೀಠದ ಪರವಾಗಿ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಶೃಂಗೇರಿಯಿಂದ ಘಟ್ಟ ಇಳಿದರೆ ಸಿಗುವ ಕಾರ್ಕಳ ಸೀಮೆಯ ಕೌಡೂರಿನವರು. 1957ರಲ್ಲಿ ಮೈಸೂರು ಹೈಕೋರ್ಟ್ ಸೇರಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ಸಂದರ್ಶನದ ಅಂಕ ಹೆಚ್ಚೇ ಆಯಿತು, ಸರ್ಕಾರ ಮತ್ತೆ ಯೋಚಿಸಲಿ ಎಂದರು. ಬಾಬತ್ತುವಾರು ಹಂಚದೆ ಒಟ್ಟಾರೆ ಅಂಕ ಬರೆದುಬಿಟ್ಟದ್ದನ್ನು ಒಪ್ಪಲಿಲ್ಲ. ಆಟಕ್ಕೆ ಇಷ್ಟು, ಸೇವೆಗೆ ಇಷ್ಟು ಎಂದು ಬರೆದಿಡದಿದ್ದರೆ ಆ ಬಾಬತ್ತುಗಳಿಗೆ ಅರ್ಥವಾದರೂ ಏನು? ಇದೇ ಹೆಗ್ಡೆಯವರು 1973ರಲ್ಲಿ ಹಿರಿತನ ಕಡೆಗಣಿಸಿದ್ದಕ್ಕೆ ರಾಜೀನಾಮೆ ಕೊಟ್ಟು ಹೊರಬಂದದ್ದು, ಆಮೇಲೆ ಲೋಕಸಭಾಧ್ಯಕ್ಷರಾದದ್ದು, 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದ್ದು ಬೇರೆಯೇ ಕಥೆ.

ಕೊನೆಯ ಪೆಟ್ಟು ಬಿದ್ದದ್ದು ಕಾಶ್ಮೀರದ ಕಡೆಯಿಂದ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100, ಮೌಖಿಕಕ್ಕೆ 50. ಆ 50ರಲ್ಲಿ ಪಠ್ಯೇತರ ಚಟುವಟಿಕೆಗೆ 10 ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ಒಬ್ಬೊಬ್ಬರಿಗೆ ಎರಡು-ಮೂರು ನಿಮಿಷ. ಅಪ್ಪನ ಹೆಸರೇನು, ಊರು ಯಾವುದು ಎಂಬಂಥ ಪ್ರಶ್ನೆ ಕೇಳಿ ಕಳಿಸಿದರು ಎಂಬ ದೂರು. 1980ರ ನವೆಂಬರ್ 13ರ ಅಜಯ್ ಹಾಸಿಯಾ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ಮೌಖಿಕ ಪರೀಕ್ಷೆಗೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛಾಚಾರ ಎಂದರು. ಸಂದರ್ಶನವನ್ನು ಟೇಪಿನಲ್ಲಿ ದಾಖಲಿಸುವುದು ಒಳ್ಳೆಯದು ಎಂಬ ಸಲಹೆಯನ್ನೂ ಕೊಟ್ಟರು. ಅಷ್ಟರಲ್ಲಿ ವರ್ಷ ಕಳೆದಿದ್ದರಿಂದ, ಸೇರಿದ್ದ ವಿದ್ಯಾರ್ಥಿಗಳನ್ನು ಹೊರಹಾಕಲಿಲ್ಲ. ಮೈಸೂರಿನ ಹಳೆಯ ಲೆಕ್ಕವನ್ನು ಈ ತೂಕಕ್ಕೆ ಹಾಕಿದರೆ 375ಕ್ಕೆ 75, ಅಂದರೆ ಶೇ 20; ಚಿತ್ರಲೇಖಾ ತೀರ್ಪು ಎತ್ತಿಹಿಡಿದದ್ದು ಹದಿನಾರು ವರ್ಷದಲ್ಲಿ ಮಿತಿಯಾಚೆಗೆ ಹೋಗಿಬಿಟ್ಟಿತು.

ಅಷ್ಟರಲ್ಲಿ ಕರ್ನಾಟಕದ ಗಮನ ಬೇರೆ ಕಡೆ ಹೊರಳಿತ್ತು. ಸಂದರ್ಶನದ ವಶೀಲಿಗಿಂತ ದೊಡ್ಡದೊಂದು ಬಂದಿತ್ತು, ಕ್ಯಾಪಿಟೇಶನ್ ಫೀ. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲಿ ಬಂದರೂ ಖಾಸಗಿ ಕಾಲೇಜುಗಳ ಸೀಟಿನ ಬೆಲೆ ಇಳಿಯಲಿಲ್ಲ. 1989ರ ಸರ್ಕಾರಿ ಅಧಿಸೂಚನೆಯೇ ಮೆಡಿಕಲ್‌ನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಎಂದು ದರಪಟ್ಟಿ ಹಾಕಿತ್ತು. ತುಮಕೂರಿನ ಕಾಲೇಜೊಂದರ ಸೀಟಿಗಾಗಿ ಹೋರಾಡಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯಾಪಾರಕ್ಕೆ ಕಡಿವಾಣ ಹಾಕಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸಲು ಸಿಇಟಿ ಸೆಲ್ ಹುಟ್ಟಿತು. ಮುಂದೆ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವಿಷಯಕ್ಕೆ 60 ಪ್ರಶ್ನೆ, ನಾಲ್ಕು ಆಯ್ಕೆ, ಒಂದು ಸರಿ ಉತ್ತರ. ಮುಖ ನೋಡುವವರಿಲ್ಲ, ಅಪ್ಪನ ಹೆಸರು ಕೇಳುವವರಿಲ್ಲ.

ಮಲೆನಾಡಿನ ಮನೆಗಳಿಗೆ ಇದು ದೊಡ್ಡ ಬಿಡುಗಡೆ. ರ‍್ಯಾಂಕು ಬಂದರೆ ಸೀಟು, ಇಲ್ಲದಿದ್ದರೆ ಇಲ್ಲ. ಎಂಎಲ್‌ಎ ಮನೆ ಬಾಗಿಲು ಕಾಯಬೇಕಿಲ್ಲ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟೂ ಸಿಕ್ಕಿತು. ಆದರೆ ಇಲ್ಲೊಂದು ವಿಚಿತ್ರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಪಟ್ಟಣ ಪಂಚಾಯಿತಿಗಳು. ಹರಿಹರಪುರದ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದರೆ ಗ್ರಾಮೀಣ ಕೋಟಾ ಉಂಟು. ಕೆಲವೇ ಮೈಲಿ ಆಚೆ ಕೊಪ್ಪ ಪೇಟೆಯ ಶಾಲೆಯಲ್ಲಿ ಓದಿದವನು ಕಡತದ ಪ್ರಕಾರ ನಗರವಾಸಿ. ಕೊಪ್ಪವನ್ನು ನೋಡಿದ ಯಾರಿಗಾದರೂ ನಗು ಬರುವ ಮಾತಿದು.

ಸಂದರ್ಶನದ ಹಳೆಯ ಪಟ್ಟಿಯಲ್ಲಿ ಉಳಿದದ್ದು ಎರಡೇ ಸಾಲು, ಎನ್‌ಸಿಸಿ ಮತ್ತು ಆಟೋಟ. ಅವು ‘ಸ್ಪೆಷಲ್ ಕೆಟಗರಿ’ ಎಂಬ ಹೆಸರಿನಲ್ಲಿ, ಸ್ಕೌಟ್ಸ್–ಗೈಡ್ಸ್, ಸೈನಿಕರ ಮಕ್ಕಳು ಇತ್ಯಾದಿಗಳ ಪಕ್ಕದಲ್ಲಿ, ಬೆರಳೆಣಿಕೆಯ ಸೀಟುಗಳಾಗಿ ಉಳಿದವು. ಚರ್ಚೆ, ನಾಟಕ, ಸಮಾಜಸೇವೆ ಪೂರ್ತಿ ಮಾಯ. ಉಳಿದವಕ್ಕೂ ಅಳತೆ ಬದಲಾಯಿತು. ಈಗ ಯಾರೂ ‘ನೀನು ಆಡುತ್ತೀಯಾ’ ಎಂದು ಕೇಳುವುದಿಲ್ಲ. ಯಾವ ಮಟ್ಟದ ಕೂಟ, ಯಾವ ಪದಕ, ಯಾವ ಕ್ಯಾಂಪು, ಯಾವ ತರಗತಿಯಲ್ಲಿದ್ದಾಗ, ಎಲ್ಲಕ್ಕೂ ಮೂಲ ಪ್ರಮಾಣಪತ್ರ. ಅದನ್ನು ಸಂಬಂಧಪಟ್ಟ ಇಲಾಖೆಯವರು ತಪಾಸಣೆ ಮಾಡಿ ಒಪ್ಪಬೇಕು. ಆ ತಪಾಸಣೆಗೆ ಮಲ್ಲೇಶ್ವರದ ಸಂಪಿಗೆ ರಸ್ತೆಯ ಕಚೇರಿಗೆ ಹೋಗುವುದೆಂದರೆ ಕೊಪ್ಪದವರಿಗೆ ಇಡೀ ರಾತ್ರಿಯ ಬಸ್ಸು. ನ್ಯಾಯಾಲಯಗಳು ಕೇಳಿದ್ದು ಇದನ್ನೇ. ಪೆನ್ನು ಹಿಡಿದವನ ಇಷ್ಟಕ್ಕೆ ಏನೂ ಬಿಡಬೇಡಿ ಎಂದರು, ಬಿಡಲಿಲ್ಲ. ತೆತ್ತ ಬೆಲೆಯೂ ಇದೆ. ಸಿಂಥೆಟಿಕ್ ಟ್ರ್ಯಾಕು, ತರಬೇತುದಾರ, ಎನ್‌ಸಿಸಿ ಘಟಕ ಹತ್ತಿರವಿಲ್ಲದ ಊರಿನ ಮಕ್ಕಳಿಗೆ ಆ ಬೆರಳೆಣಿಕೆಯ ಸೀಟು ಲೆಕ್ಕದಲ್ಲಷ್ಟೇ ಉಂಟು. ಈ ಶತಮಾನದ ಆರಂಭದಲ್ಲಿ ಶಿಕ್ಷಣ ಇಲಾಖೆ ಶುರುಮಾಡಿದ ಪ್ರತಿಭಾ ಕಾರಂಜಿ ಹಳ್ಳಿ ಶಾಲೆಯ ಮಕ್ಕಳನ್ನೂ ವೇದಿಕೆ ಹತ್ತಿಸಿತು, ಅದು ಸಣ್ಣ ಸಾಧನೆಯೇನಲ್ಲ. ಆದರೆ ಅಲ್ಲಿ ಗೆದ್ದ ಭಾಷಣ, ಜಾನಪದ ಗೀತೆಯ ಬಹುಮಾನಕ್ಕೆ ಸಿಇಟಿಯಲ್ಲಿ ಕಾಸಿನ ಬೆಲೆಯಿಲ್ಲ.

ಸರ್ಕಾರ ಕೈಬಿಟ್ಟದ್ದನ್ನು ಘಟ್ಟದ ಕೆಳಗಿನ ಖಾಸಗಿ ಸಂಸ್ಥೆಗಳು ಎತ್ತಿಕೊಂಡವು. ಮೂಡುಬಿದಿರೆಯಲ್ಲಿ ಎಂ. ಮೋಹನ ಆಳ್ವರ ಸಂಸ್ಥೆ ತೊಂಬತ್ತರ ದಶಕದಿಂದ ಕ್ರೀಡಾಪಟುಗಳನ್ನು, ಯಕ್ಷಗಾನ ಮತ್ತು ನೃತ್ಯದ ಪ್ರತಿಭೆಗಳನ್ನು ದತ್ತು ತೆಗೆದುಕೊಂಡು ಓದಿಸುವ ಪದ್ಧತಿ ಬೆಳೆಸಿತು. ಉಜಿರೆಯ ಎಸ್‌ಡಿಎಂ ಕಾಲೇಜಿನ ಕ್ರೀಡಾ ಹಾಸ್ಟೆಲಿಗೂ ಹೆಸರಿದೆ. ಓಡುವ, ಎಸೆಯುವ, ಕುಣಿಯುವ ಮಲೆನಾಡಿನ ಮಕ್ಕಳು ಆಗುಂಬೆ ಅಥವಾ ಕುದುರೆಮುಖದ ದಾರಿಯಲ್ಲಿ ಘಟ್ಟ ಇಳಿದು ಅಲ್ಲಿ ಸೇರುತ್ತಾರೆ. ಇಲ್ಲಿ ಆರಿಸುವವರು ಮತ್ತೆ ಮನುಷ್ಯರೇ, ಮುಖ ನೋಡಿಯೇ, ಆಟ ನೋಡಿಯೇ. ಆದರೆ ಸಂಸ್ಥೆಗೂ ಅದರಿಂದ ಪದಕ ಬೇಕು, ಹೆಸರು ಬೇಕು. ಆದ್ದರಿಂದ ಆಡದವನನ್ನು ಆಟಗಾರನೆಂದು ತುಂಬಿಕೊಂಡರೆ ನಷ್ಟ ಅದಕ್ಕೇ. 1963ರ ಸಮಿತಿಗೆ ಅಂಥ ನಷ್ಟದ ಭಯ ಇರಲಿಲ್ಲ.

ಪಠ್ಯದಾಚೆಯ ಬದುಕಿಗೆ ಸರ್ಕಾರಿ ಪ್ರವೇಶದಲ್ಲಿ ನಿಜವಾಗಿ ದೊಡ್ಡ ತೂಕ ಉಳಿದಿರುವ ಜಾಗ ಒಂದೇ, ಕೃಷಿ ವಿಶ್ವವಿದ್ಯಾಲಯಗಳು. ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ ಮೊದಲಾದ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಶೇ 40ರಷ್ಟಿದ್ದ ಕೋಟಾ ಈಚೆಗೆ ಶೇ 50ಕ್ಕೆ ಏರಿದೆ. ಅದಕ್ಕೆ ಪಹಣಿ, ವರಮಾನದ ಪತ್ರ ಸಾಲದು. ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಸಾಲಾಗಿ ಇಟ್ಟ ಬೀಜ, ಕಾಳು, ಗೊಬ್ಬರ, ಕೀಟ, ಸಲಕರಣೆಗಳ ಮುಂದೆ ನಿಂತು ಇದೇನು ಎಂದು ಗುರುತಿಸುವ ಪರೀಕ್ಷೆ ಅದು. ಡಿಎಪಿಗೂ ಸೂಪರ್ ಫಾಸ್ಫೇಟಿಗೂ ಇರುವ ವ್ಯತ್ಯಾಸ ಗೊಬ್ಬರದ ಚೀಲ ಹೊತ್ತವನಿಗೆ ಗೊತ್ತು. ರಾಗಿ, ಸಜ್ಜೆ, ನವಣೆಯ ಎದುರು ಮಲೆನಾಡಿನ ಮಕ್ಕಳು ತಡವರಿಸಬಹುದು. ಅಡಿಕೆ, ಏಲಕ್ಕಿ, ಮೆಣಸಿನ ಬಳ್ಳಿಯ ಎದುರು ಬಯಲುಸೀಮೆಯವರು. ಹಳದಿ ಎಲೆ ರೋಗ ತೋಟ ತಿಂದುಹಾಕಿದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಮನೆಗಳ ಮಕ್ಕಳು ಆ ರೋಗವನ್ನು ಪುಸ್ತಕದಲ್ಲಿ ಓದಿ ಕಲಿತವರಲ್ಲ. ಸೋಗೆಯ ತುದಿ ಹಳದಿಯಾಗುವುದನ್ನು, ಹಿಂಗಾರ ಸೊರಗುವುದನ್ನು, ಮರ ವರ್ಷಗಟ್ಟಲೆ ನಿಂತೇ ಬಡವಾಗುವುದನ್ನು ಅಪ್ಪನ ಹಿಂದೆ ತೋಟದಲ್ಲಿ ನಡೆದು ನೋಡಿದವರು. ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರದ ಹೆಸರು ಜನರ ಬಾಯಲ್ಲಿರುವುದೂ ಇದೇ ರೋಗದ ದೆಸೆಯಿಂದ.

1963ರ ಪಟ್ಟಿಗೂ ಈ ಪರೀಕ್ಷೆಗೂ ಹೋಲಿಸಿದರೆ ಏನು ಬದಲಾಯಿತೆಂದು ತಿಳಿಯುತ್ತದೆ. ಇಲ್ಲೂ ಅಳೆಯುತ್ತಿರುವುದು ತರಗತಿಯ ಹೊರಗೆ ಕಲಿತದ್ದನ್ನೇ. ಆದರೆ ಸರಿ ಉತ್ತರ ಒಂದಿದೆ, ಕಾಗದದ ಮೇಲೆ ಉಳಿಯುತ್ತದೆ, ಸೋತವನು ಪ್ರಶ್ನಿಸಬಹುದು. ಹೆಗ್ಡೆ ಮತ್ತು ಭಗವತಿ ಕೇಳಿದ ಶರತ್ತುಗಳು ಇಲ್ಲಿ ಹೆಚ್ಚುಕಡಿಮೆ ಪೂರೈಸಿವೆ. ಜೊತೆಗೆ, ಪಟ್ಟಿಯ ಗುಣ ಈ ಸಲ ಹಳ್ಳಿಯವರ ಕಡೆ ವಾಲಿದೆ. ತಾಳಮದ್ದಲೆಯ ಕರ್ಣನಿಗೆ ಇನ್ನೂ ಜಾಗ ಸಿಕ್ಕಿಲ್ಲ. ಅವನನ್ನು ಅಳೆಯಲು ಮನುಷ್ಯರೇ ಕೂರಬೇಕು, ಮನುಷ್ಯರ ಮೇಲಿನ ನಂಬಿಕೆ ನಮ್ಮ ರಾಜ್ಯಕ್ಕೆ ಅರವತ್ತರ ದಶಕದಿಂದ ಮರಳಿ ಬಂದಿಲ್ಲ.

ಇದಕ್ಕೂ ಒಂದು ತಿರುವು ಬಂದಾಗಿದೆ. ಜಮೀನು ಊರಲ್ಲಿದ್ದು ಮಕ್ಕಳು ಎಂಟನೇ ತರಗತಿಯಿಂದಲೇ ಮಂಗಳೂರು, ಮೂಡುಬಿದಿರೆ, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಇರುವ ಮನೆಗಳು ಮಲೆನಾಡಿನಲ್ಲಿ ಈಗ ಎಷ್ಟೋ. ಪಹಣಿಯ ಪ್ರಕಾರ ಅವರೂ ಕೃಷಿಕರ ಮಕ್ಕಳೇ. ಪ್ರಾಯೋಗಿಕ ಪರೀಕ್ಷೆಯ ದಿನ ಹತ್ತಿರವಾದಂತೆ ಅವರು ಯೂಟ್ಯೂಬಿನಲ್ಲಿ ಬೀಜ, ಗೊಬ್ಬರ, ಕೀಟಗಳ ಚಿತ್ರ ಹಾಕಿಕೊಂಡು ಹೆಸರುಗಳನ್ನು ಉರು ಹೊಡೆಯುತ್ತಾರೆ. ಕೆಲವರು ರಜೆಗೆ ಬಂದಾಗ ತೋಟದ ಆಳನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವುದೂ ಉಂಟು. ಆ ಆಳಿನ ಮಗಳು ಅದೇ ಪರೀಕ್ಷೆಗೆ ಕೂರುವಂತಿಲ್ಲ. ಅವರ ಹೆಸರಿನಲ್ಲಿ ಜಮೀನಿಲ್ಲ.